ಸೆಕ್ಟ್, ಕಲ್ಟ್, ಡಿನಾಮಿನೇಶನ್: ಮೂರಕ್ಕೂ ‘ಪಂಥ’ ಅಂದರೆ ನಡೆಯುತ್ತಾ?

ಹಸಿರುಶಾಯಿ

ಎಲ್ಲರಿಗೂ ನಮಸ್ಕಾರ. ಯುರೋಪಿನ ಇತಿಹಾಸದ ಒಂದು ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ, 1500ರಿಂದ 1700ರವರೆಗಿನ ಕಥೆ. ರಾಜರು, ಹಡಗುಗಳು, ಮೆಣಸಿನ ವ್ಯಾಪಾರ ಎಲ್ಲ ಸಲೀಸಾಗಿ ದಾಟಿತು. ಧರ್ಮದ ಅಧ್ಯಾಯಕ್ಕೆ ಬಂದು ಗಾಡಿ ಹೂತುಕೊಂಡಿದೆ. ಪುಟಕ್ಕೆ ಏಳೆಂಟು ಹೆಸರು: ಲೂಥರನ್, ಕ್ಯಾಲ್ವಿನಿಸ್ಟ್, ಅನಾಬ್ಯಾಪ್ಟಿಸ್ಟ್, ಪ್ಯೂರಿಟನ್, ಕ್ವೇಕರ್, ಜೆಸ್ಯೂಟ್, ಹ್ಯೂಗೆನಾಟ್. ಮೂಲ ಲೇಖಕರು ಒಂದು ಕಡೆ ಸೆಕ್ಟ್ ಅನ್ನುತ್ತಾರೆ, ಇನ್ನೊಂದು ಕಡೆ ಡಿನಾಮಿನೇಶನ್, ಮತ್ತೊಂದು ಕಡೆ ಆರ್ಡರ್, ಮೂವ್‌ಮೆಂಟ್, ಕಲ್ಟ್. ನಾನು ಮೊದಲ ಕರಡಿನಲ್ಲಿ ಎಲ್ಲದಕ್ಕೂ ‘ಪಂಥ’ ಅಂತ ಬಡಿದುಬಿಟ್ಟೆ. ಕರಡು ನೋಡಿದವರು ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಎಷ್ಟು ಪಂಥ ಮಾರಾಯ್ತಿ?’ ಅಂತ ಬರೆದು ಕಳಿಸಿದ್ದಾರೆ. ಎಣಿಸಿದೆ. ಒಂದೇ ಪುಟದಲ್ಲಿ ಹದಿನಾಲ್ಕು.

ಅವಸರದಲ್ಲಿ ಒಂದು ಭಾಗವನ್ನು ಕಂಪ್ಯೂಟರ್ ಕೈಲಿ ಅನುವಾದ ಮಾಡಿಸಿ ನೋಡಿದ್ದೂ ಉಂಟು. ಅದು ಪ್ರೊಟೆಸ್ಟೆಂಟರನ್ನು ‘ಪ್ರತಿಭಟನಾಕಾರರು’ ಮಾಡಿತು. ಪ್ರತಿಭಟನಾಕಾರರಿಗೂ ಕ್ಯಾಥೊಲಿಕರಿಗೂ 1618ರಿಂದ 1648ರವರೆಗೆ ಯುದ್ಧ ನಡೆಯಿತು ಅಂತ ಓದಿ ಜೋರಾಗಿ ನಕ್ಕೆ. ಆಮೇಲೆ ಭಯವಾಯಿತು, ಯಾಕೆಂದರೆ ಹಿಂದಿನ ಪುಟದಲ್ಲಿ ನಾನೇ ಕ್ವೇಕರರನ್ನು ‘ನಡುಗುವವರು’ ಅಂತ ಬರೆದಿದ್ದೆ.

ನನ್ನ ಪ್ರಶ್ನೆ ಎರಡೇ. ಪಂಥ, ಪಂಗಡ, ಮತ, ಸಭೆ, ಸಂಪ್ರದಾಯ ಇವುಗಳಲ್ಲಿ ಯಾವುದು ಎಲ್ಲಿ? ಮತ್ತೆ, ಈ ಹೆಸರುಗಳನ್ನು ಕನ್ನಡ ಮಾಡಬೇಕಾ, ಹಾಗೇ ಬಿಡಬೇಕಾ? ಇಲ್ಲಿರುವ ಕ್ರೈಸ್ತ ಗೆಳೆಯರು ಮನೆಯಲ್ಲಿ ಏನನ್ನುತ್ತೀರಿ ಅಂತಲೂ ಹೇಳಿದರೆ ಉಪಕಾರ. ನಿಘಂಟು ನೋಡಿ ಅಂತ ಮಾತ್ರ ಹೇಳಬೇಡಿ. ನೋಡಿ ಆಯಿತು, ಅದರಲ್ಲೂ ಮೂರಕ್ಕೂ ‘ಪಂಥ, ಪಂಗಡ’ ಅಂತಲೇ ಇದೆ.

ಸುಮ್ನೆಬಂದೆ

ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ನಮ್ಮಲ್ಲಿ ಮಾಧ್ವ ಮತ, ಸ್ಮಾರ್ತ ಮತ ಅನ್ನಲ್ವಾ? ಹಾಗೇ ಲೂಥರ್ ಮತ, ಕ್ಯಾಲ್ವಿನ್ ಮತ ಅಂದುಬಿಡಿ. ಮುಗೀತು.

ರಾತ್ರಿಪಾಳಿ

‘ಕ್ಯಾಲ್ವಿನ್ ಮತ’ ಅಂದರೆ ಈಗಿನ ಓದುಗರು ಕ್ಯಾಲ್ವಿನ್ ಯಾವ ಬೂತಿನಲ್ಲಿ ಓಟು ಹಾಕಿದ ಅಂತ ಕೇಳ್ತಾರೆ ಸ್ವಾಮಿ. ಮತಗಟ್ಟೆ, ಮತ ಎಣಿಕೆ, ಮತಯಂತ್ರ ಇವೆಲ್ಲ ಬಂದಮೇಲೆ ‘ಮತ’ ಅನ್ನುವ ಪದದ ಹಳೇ ಅರ್ಥ ಮತಾಂತರದಂಥ ಜೋಡಿ ಪದಗಳಲ್ಲಿ ಮಾತ್ರ ಉಸಿರಾಡುತ್ತಿದೆ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂರುವವನು. ನೀವು ಬೀಳಬಹುದಾದ ಎರಡು ಗುಂಡಿ ತೋರಿಸುತ್ತೇನೆ, ಎರಡರಲ್ಲೂ ನಾನು ಬಿದ್ದಿದ್ದೇನೆ.

ಒಂದು, ಆರ್ಥೊಡಾಕ್ಸ್. ರಷ್ಯಾದಲ್ಲಿ ಜನವರಿ 7ಕ್ಕೆ ಕ್ರಿಸ್‌ಮಸ್ ಅಂತ ಏಜೆನ್ಸಿ ಸುದ್ದಿ ಬಂತು. ರಾತ್ರಿ ಹನ್ನೊಂದೂವರೆ, ಪುಟ ಹೋಗಬೇಕು. ನಾನು ‘ಸಂಪ್ರದಾಯವಾದಿ ಕ್ರೈಸ್ತರು’ ಅಂತ ಹಾಕಿದೆ. ಬೆಳಿಗ್ಗೆ ಒಬ್ಬರು ಫೋನ್ ಮಾಡಿ, ‘ಸರ್, ನಾನು ಆರ್ಥೊಡಾಕ್ಸ್ ಸಭೆಯವನು, ಸಂಪ್ರದಾಯವಾದಿ ಏನೂ ಅಲ್ಲ, ಮಗಳಿಗೆ ಅಂತರ್ಜಾತಿ ಮದುವೆ ಮಾಡಿದ್ದೇನೆ’ ಅಂದರು. ಅವರು ಹೇಳಿದ್ದು ಸರಿ. ಅಲ್ಲಿ ಅದು ಹೆಸರು. ರೋಮಿನ ಪೋಪರ ಕಡೆಯವರೂ ಕಾನ್‌ಸ್ಟಾಂಟಿನೋಪಲಿನ ಕಡೆಯವರೂ 1054ರಲ್ಲಿ ಪರಸ್ಪರ ಬಹಿಷ್ಕಾರ ಹಾಕಿಕೊಂಡ ಮೇಲೆ ಪೂರ್ವದವರಿಗೆ ಅಂಟಿದ ಹೆಸರು. ಸ್ವಭಾವಕ್ಕೂ ಅದಕ್ಕೂ ಸಂಬಂಧವಿಲ್ಲ. ಆರ್ಥೊಡಾಕ್ಸ್ ಅಂತಲೇ ಬಿಡಿ.

ಇನ್ನೊಂದು ಗುಂಡಿ ಇದಕ್ಕಿಂತ ಆಳ. 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಅರಿಯುಸ್ ಅಂತ ಒಬ್ಬ ಪಾದ್ರಿ ಇದ್ದ. ಮಗನಾದ ಕ್ರಿಸ್ತ ತಂದೆಗೆ ಸಮನಲ್ಲ, ಅವನೂ ಸೃಷ್ಟಿಯಾದವನೇ ಅಂತ ಅವನ ವಾದ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಅದನ್ನು ತಳ್ಳಿಹಾಕಿದರು. ಆದರೂ ಗೋಥ್ ಜನರಲ್ಲಿ ಆ ವಾದ ಬಹಳ ಕಾಲ ಉಳಿಯಿತು. ಈಗ ‘ಗೋಥರು ಏರಿಯನ್ನರಾಗಿದ್ದರು’ ಅನ್ನುವ ಸಾಲನ್ನು ಅನುವಾದ ಮಾಡಿ ನೋಡಿ. ನಮ್ಮ ಪುರವಣಿಯಲ್ಲಿ ಒಮ್ಮೆ ‘ಗೋಥರು ಆರ್ಯರಾಗಿದ್ದರು’ ಅಂತ ಅಚ್ಚಾಗಿತ್ತು. ಆಮೇಲೆ ಬಂದ ಪತ್ರಗಳನ್ನು ಕೇಳಬೇಡಿ. ‘ಅರಿಯುಸನ ಅನುಯಾಯಿಗಳು’ ಅಂತ ಬಿಡಿಸಿ ಬರೆದರೆ ಬಚಾವ್.

ಹಳೇಮೇಷ್ಟ್ರು

ತಾಯೀ, ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಸೆಕ್ಟ್ ಅನ್ನುವುದು ಲ್ಯಾಟಿನ್ನಿನ ‘ಕತ್ತರಿಸು’ ಅನ್ನುವ ಪದದಿಂದ ಬಂತು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ‘ಹಿಂಬಾಲಿಸು’ ಅನ್ನುವುದರಿಂದ ಬಂದದ್ದು. ಒಬ್ಬರ ಹಿಂದೆ ಹೋದವರು. ಆ ಲೆಕ್ಕದಲ್ಲಿ ‘ಪಂಥ’ ಅಂದರೆ ದಾರಿ, ಅದು ಕೆಟ್ಟ ಆಯ್ಕೆ ಏನಲ್ಲ. ತೊಂದರೆ ಅರ್ಥದಲ್ಲಿಲ್ಲ, ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದರಲ್ಲಿದೆ.

ಬೈಬಲಿನಲ್ಲೇ ಇದಕ್ಕೆ ಒಂದು ಸೊಗಸಾದ ಜಾಗ ಇದೆ. ಅಪೊಸ್ತಲರ ಕೃತ್ಯಗಳು, 24ನೇ ಅಧ್ಯಾಯ. ಪೌಲನನ್ನು ಹಿಡಿದು ರಾಜ್ಯಪಾಲ ಫೆಲಿಕ್ಸನ ಮುಂದೆ ನಿಲ್ಲಿಸಿದ್ದಾರೆ. ಆರೋಪ ಮಾಡುವ ವಕೀಲ, ಇವನು ನಜರೇನರ ಪಂಗಡದ ಮುಖಂಡ ಅನ್ನುತ್ತಾನೆ. ಪೌಲ ಕೊಡುವ ಉತ್ತರದ ತಾತ್ಪರ್ಯ ಇಷ್ಟು: ಇವರು ಯಾವುದನ್ನು ಪಂಗಡ ಅನ್ನುತ್ತಾರೋ ಅದನ್ನು ನಾವು ಮಾರ್ಗ ಅನ್ನುತ್ತೇವೆ. ನೋಡಿ, ಒಂದೇ ಗುಂಪು. ಹೊರಗಿನವರಿಗೆ ಪಂಗಡ, ಒಳಗಿನವರಿಗೆ ಮಾರ್ಗ. ಅಲ್ಲಿ ಗ್ರೀಕಿನಲ್ಲಿರುವ ಪದ ‘ಹೈರೆಸಿಸ್’. ಮೂಲದಲ್ಲಿ ಅದಕ್ಕೆ ‘ಆಯ್ಕೆ’ ಅಂತ ಅರ್ಥ. ಅದೇ ಪುಸ್ತಕದಲ್ಲಿ ಯೆಹೂದ್ಯರ ಗುಂಪುಗಳಾದ ಫರಿಸಾಯರಿಗೂ ಸದ್ದುಕಾಯರಿಗೂ ಅದೇ ಪದ ಬಳಸಿದ್ದಾರೆ, ಬೈಗುಳದ ಧ್ವನಿಯಿಲ್ಲದೆ. ಮುಂದೆ ಇದೇ ಪದ ಹೆರೆಸಿ, ಅಂದರೆ ಧರ್ಮದ್ರೋಹ, ಆಯಿತು. ಅದರ ಹೆಸರಲ್ಲಿ ಜನರನ್ನು ಸುಟ್ಟರು.

ನಮ್ಮಲ್ಲೂ ಇಂಥದ್ದೇ ಒಂದು ಪದ ಇದೆ, ಅದು ನನಗೆ ಬಹಳ ಇಷ್ಟ. ‘ಪಾಷಂಡಿ’ ಅಂದರೆ ನಮಗೆ ಈಗ ಧರ್ಮದ್ರೋಹಿ. ಹೆರೆಟಿಕ್‌ಗೆ ಕನ್ನಡದಲ್ಲಿ ಕಣ್ಣುಮುಚ್ಚಿ ಪಾಷಂಡಿ ಅಂತ ಹಾಕುತ್ತಾರೆ. ಆದರೆ ಅಶೋಕನ 12ನೇ ಬಂಡೆ ಶಾಸನ ನೋಡಿ. ಎಲ್ಲಾ ಪಾಷಂಡಗಳನ್ನೂ ಗೌರವಿಸಬೇಕು, ತನ್ನ ಪಾಷಂಡವನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯಬಾರದು ಅಂತ ಇದೆ. ಅಲ್ಲಿ ಪಾಷಂಡ ಅಂದರೆ ಬರೀ ಪಂಗಡ, ತನ್ನದೂ ಸೇರಿ. ಈ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಇದೆ. ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಆಗ ತಳದಲ್ಲಿದ್ದ ಕಲ್ಲಿನ ಮೇಲೆ ಬರಹ ಕಂಡಿತು. ಎಲ್ಲ ಪಂಗಡಗಳನ್ನೂ ಗೌರವಿಸಿ ಅನ್ನುವ ಶಾಸನ ಅದೆಷ್ಟೋ ಕಾಲ ಒಂದು ಗುಡಿಯ ಬುಡದಲ್ಲಿ ಕೂತಿತ್ತು. ಒಳ್ಳೇ ಪದ ಹಳಸಿ ಬೈಗುಳವಾಗುವುದು ಕ್ರೈಸ್ತರದ್ದೊಂದೇ ಕಥೆ ಅಲ್ಲ ಅಂತ ಹೇಳಲಿಕ್ಕೆ ಇಷ್ಟು ದೂರ ಬಂದೆ.

ಇದರ ಉಲ್ಟಾ ಆದದ್ದು ಹೆಸರುಗಳಲ್ಲಿ. ನಿಮ್ಮ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಹೆಚ್ಚಿನವು ಆಗದವರು ಇಟ್ಟದ್ದು. ‘ಕ್ರೈಸ್ತರು’ ಅನ್ನುವ ಹೆಸರೇ ಅಂತಿಯೋಕ್ಯದಲ್ಲಿ ಹೊರಗಿನವರ ಬಾಯಿಂದ ಬಂದದ್ದು. ಲೂಥರನ್ ಅಂತ ಶುರುಮಾಡಿದವರು ಲೂಥರನ ವಿರೋಧಿಗಳು, ಅವನಿಗೇ ಆ ಹೆಸರು ಹಿಡಿಸಿರಲಿಲ್ಲ. ಕ್ವೇಕರ್ ಕಥೆ ಕೇಳಿ. 1650ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಜಾರ್ಜ್ ಫಾಕ್ಸನನ್ನು ವಿಚಾರಣೆಗೆ ಕರೆತಂದರು. ಅವನು ನ್ಯಾಯಾಧೀಶರಿಗೇ, ದೇವರ ಮಾತಿಗೆ ನಡುಗಿರಿ ಅಂದ. ಅವರಲ್ಲೊಬ್ಬರು, ಓಹೋ ನೀವು ನಡುಗುವವರೋ ಅಂತ ಹಂಗಿಸಿದರು. ಹೆಸರು ಅಂಟಿತು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಗೆಳೆಯರು’ ಅಂತ. ಅದನ್ನು ಕನ್ನಡ ಮಾಡಿ ‘ಗೆಳೆಯರ ಗುಂಪು’ ಅಂದರೆ ಧಾರವಾಡದವರು ಬೇಂದ್ರೆಯವರನ್ನು ಹುಡುಕಿಕೊಂಡು ಬರುತ್ತಾರೆ, ಅದು ಬೇರೆ ಮಾತು. (ಅಂಗಡಿಯಲ್ಲಿ ಸಿಗುವ ಕ್ವೇಕರ್ ಓಟ್ಸ್‌ಗೂ ಇವರಿಗೂ ಸಂಬಂಧ ಇಲ್ಲ, ಪ್ರತಿ ವರ್ಷ ಒಬ್ಬ ವಿದ್ಯಾರ್ಥಿ ಕೇಳುತ್ತಿದ್ದ.)

ಈಗ ನಿಮ್ಮ ‘ಪ್ರತಿಭಟನಾಕಾರರು’. ಅದು ಪೂರ್ತಿ ಸುಳ್ಳೂ ಅಲ್ಲ. 1529ರ ಏಪ್ರಿಲ್‌ನಲ್ಲಿ ಜರ್ಮನಿಯ ಸ್ಪೈಯರ್ ಊರಲ್ಲಿ ಸಾಮ್ರಾಜ್ಯದ ಸಭೆ ಸೇರಿತು. ರೋಮಿನ ಚರ್ಚನ್ನು ತಿದ್ದಬೇಕು ಅಂತ ಹೊರಟ ಲೂಥರನ ಸುಧಾರಣೆಗೆ ಹಿಂದೆ ಕೊಟ್ಟಿದ್ದ ಸಡಿಲಿಕೆಯನ್ನು ವಾಪಸ್ ತೆಗೆದರು. ಆರು ಜನ ಅರಸರು ಮತ್ತು ಹದಿನಾಲ್ಕು ನಗರಗಳು ಲಿಖಿತ ತಕರಾರು ಕೊಟ್ಟವು. ಆ ತಕರಾರಿನಿಂದ ಬಂದ ಹೆಸರು. ಆದರೆ ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಎಲ್ಲರೆದುರು ಸಾಕ್ಷಿ ನುಡಿಯುವುದು, ಘೋಷಿಸುವುದು ಅನ್ನುವ ಅರ್ಥ ಇತ್ತು. ನಮ್ಮ ಕಣ್ಣಿಗೆ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್, ಶಾಮಿಯಾನ, ಮೈಕು. ಹಾಗಾಗಿ ಅನುವಾದ ಬೇಡ.

ಅದೇ ಸ್ಪೈಯರ್ ಸಭೆ ಇನ್ನೊಂದು ಕೆಲಸ ಮಾಡಿತು, ಅನಾಬ್ಯಾಪ್ಟಿಸ್ಟರಿಗೆ ಮರಣದಂಡನೆ ಅಂತ ಆಜ್ಞೆ ಹೊರಡಿಸಿತು. ಈ ಹೆಸರನ್ನಂತೂ ದಯವಿಟ್ಟು ಕನ್ನಡ ಮಾಡಬೇಡಿ. ‘ಮರುದೀಕ್ಷಾಸ್ನಾನದವರು’ ಅಂತ ಒಂದು ಹಳೇ ಪಠ್ಯದಲ್ಲಿ ನೋಡಿದ್ದೆ. ಪದಶಃ ಸರಿ, ನ್ಯಾಯವಾಗಿ ತಪ್ಪು. ಅವರ ವಾದ ಏನು? ಎಳೇ ಮಗುವಿಗೆ ಹಾಕುವ ನೀರು ದೀಕ್ಷೆಯೇ ಅಲ್ಲ, ನಂಬಿಕೆ ಬಂದ ಮೇಲೆ ತಾನಾಗಿ ಕೇಳಿ ಪಡೆಯುವುದೇ ದೀಕ್ಷೆ. ಅಂದರೆ ಅವರ ಲೆಕ್ಕದಲ್ಲಿ ಅದು ಮೊದಲನೆಯದು. ‘ಮರು’ ಅನ್ನುವ ಎರಡಕ್ಷರ ವಿರೋಧಿಗಳ ವಾದ. ಮತ್ತೊಮ್ಮೆ ದೀಕ್ಷೆ ಕೊಡುವುದು ಹಳೇ ರೋಮನ್ ಕಾನೂನಿನಲ್ಲೇ ಸಾವಿನ ಶಿಕ್ಷೆಯ ಅಪರಾಧ, ಹಾಗಾಗಿ ಆ ‘ಮರು’ ಇದ್ದರೆ ತಾನೇ ಶಿಕ್ಷೆ ಕೊಡಲಿಕ್ಕೆ ಸಲೀಸು. ಜ್ಯೂರಿಕ್‌ನಲ್ಲಿ ಫೆಲಿಕ್ಸ್ ಮಾಂಝ್ ಅನ್ನುವವನನ್ನು 1527ರ ಜನವರಿ 5ರಂದು ಕೈಕಾಲು ಕಟ್ಟಿ ಲಿಮ್ಮಾಟ್ ನದಿಗೆ ತಳ್ಳಿದರು. ನೀರು ಕೇಳಿದವನಿಗೆ ನೀರು ಅನ್ನುವ ಕ್ರೂರ ತಮಾಷೆ. ತಳ್ಳಿಸಿದವರು ಕ್ಯಾಥೊಲಿಕರಲ್ಲ, ಸುಧಾರಣೆಯ ಕಡೆಯವರೇ ನಡೆಸುತ್ತಿದ್ದ ನಗರಸಭೆ. ಅನಾಬ್ಯಾಪ್ಟಿಸ್ಟರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಬರೀ ‘ಸಹೋದರರು’ ಅಂತ.

ಹಾಗಾಗಿ ನನ್ನ ಸಲಹೆ: ಹೆಸರನ್ನು ಮುಟ್ಟಬೇಡಿ. ಮೊದಲ ಸಲ ಬಂದಾಗ ಅದು ಹೇಗೆ ಬಂತು ಅಂತ ಒಂದು ಸಾಲು ಸೇರಿಸಿ. ಪಂಥ, ಪಂಗಡಗಳನ್ನು ಲೇಖಕರು ಹೊರಗಿನವರ ಕಣ್ಣಿಂದ ಮಾತಾಡುವಾಗ ಬಳಸಿ. ಉಳಿದ ಕಡೆ ಸುಮ್ಮನೆ ‘ಲೂಥರನ್ನರು’ ಸಾಕು. ಜನಕ್ಕೆ ‘ರು’ ಪ್ರತ್ಯಯ ಇರುವಾಗ ಪಂಥ ಯಾಕೆ?

ಹಸಿರುಶಾಯಿ

ಮೇಷ್ಟ್ರೇ, ‘ಮರು’ ಓದಿ ಕೈ ನಡುಗಿತು, ನನ್ನ ಕರಡಿನಲ್ಲಿ ಅಕ್ಷರಶಃ ಅದೇ ಇದೆ. ಇವತ್ತೇ ತೆಗೆದೆ.

ಒಂದು ವಿಷಯದಲ್ಲಿ ಮಾತ್ರ ಜಗಳ. ಪ್ಯೂರಿಟನ್‌ಗೆ ನಾನು ‘ಮಡಿವಂತರು’ ಅಂತ ಹಾಕಿದ್ದೆ. ತುಂಬಾ ಖುಷಿಯಲ್ಲಿ ಹಾಕಿದ್ದೆ. ಶುದ್ಧಿ, ಕಟ್ಟುನಿಟ್ಟು, ಮೂಗು ಮುರಿಯುವುದು ಎಲ್ಲ ಒಂದೇ ಪದದಲ್ಲಿ ಬಂತು ಅಂತ. ಅದನ್ನಾದರೂ ಉಳಿಸಿಕೊಳ್ಳಲಾ?

ಹಳೇಮೇಷ್ಟ್ರು

ಬೇಡ ತಾಯೀ. ಅದು ತಲೆಕೆಳಗು.

ನಮ್ಮಜ್ಜಿ ಮಡಿ ಸೀರೆಯನ್ನು ಎತ್ತರದ ಗಳುವಿನ ಮೇಲೆ ಒಣಗಿಸಿ, ಯಾರೂ ಮುಟ್ಟದ ಹಾಗೆ ಕೋಲಿನಲ್ಲೇ ಇಳಿಸಿಕೊಳ್ಳುತ್ತಿದ್ದರು. ಮಡಿ ಅಂದರೆ ಬಟ್ಟೆ, ನೀರು, ಮುಟ್ಟು, ಕ್ರಮ. ಪ್ಯೂರಿಟನ್ನರಿಗೆ ಆಗದೆ ಇದ್ದದ್ದೇ ಇವು. 1603ರಲ್ಲಿ ಜೇಮ್ಸ್ ದೊರೆ ಲಂಡನ್ನಿಗೆ ಬರುವಾಗ ಅವರು ಒಂದು ಮನವಿ ಕೊಟ್ಟರು. ದೀಕ್ಷಾಸ್ನಾನದಲ್ಲಿ ಮಗುವಿನ ಹಣೆ ಮೇಲೆ ಶಿಲುಬೆ ಗುರುತು ಬೇಡ, ಮದುವೆಯಲ್ಲಿ ಉಂಗುರ ಬೇಡ, ಪಾದ್ರಿಗಳ ಟೋಪಿ ಮತ್ತು ಬಿಳಿ ನಿಲುವಂಗಿಗೆ ಒತ್ತಾಯ ಬೇಡ ಅಂತ ಅದರಲ್ಲಿತ್ತು. ಅವರಿಗೆ ಶುದ್ಧಿ ಅಂದರೆ ರೋಮಿನ ಆಚರಣೆಗಳಿಂದ ಚರ್ಚನ್ನು ತೊಳೆಯುವುದು. ಮಡಿ ಬಟ್ಟೆ ಕಂಡರೆ ಅವರು ಮೊದಲು ಅದನ್ನೇ ಗಳುವಿನಿಂದ ಎಳೆದು ಹಾಕುತ್ತಿದ್ದರು. ನೀವು ಹೇಳುವ ಮೂಗು ಮುರಿಯುವ ಅರ್ಥ ಆಮೇಲೆ ಬಂದದ್ದು.

ಬೀದರ್‌ಕೋಟೆ

ಮೇಷ್ಟ್ರು ಹೇಳಿದ ಪಟ್ಟಿಗೆ ನಮ್ಮದನ್ನೂ ಸೇರಿಸಿ, ನಾವು ಮೆಥೊಡಿಸ್ಟರು. ಅದೂ ಹಂಗಿಸಿದ ಹೆಸರೇ. ಆಕ್ಸ್‌ಫರ್ಡಿನಲ್ಲಿ 1729ರ ಹೊತ್ತಿಗೆ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಮತ್ತು ಕೆಲವು ಹುಡುಗರು ಸೇರಿ ಗಂಟೆ ಹೊಡೆದ ಹಾಗೆ ಪ್ರಾರ್ಥನೆ, ಉಪವಾಸ, ಜೈಲಿಗೆ ಹೋಗಿ ಕೈದಿಗಳನ್ನು ನೋಡುವುದು ಎಲ್ಲ ಟೈಮ್‌ಟೇಬಲ್ ಪ್ರಕಾರ ಮಾಡುತ್ತಿದ್ದರು. ಉಳಿದ ಹುಡುಗರು ‘ಮೆಥಡ್‌ನವರು ಬಂದ್ರು’ ಅಂತ ಆಡಿಕೊಂಡರು. ಈಗ ನಮ್ಮ ಚರ್ಚಿನಲ್ಲಿ ಹತ್ತು ಗಂಟೆ ಆರಾಧನೆ ಹತ್ತೂವರೆಗೆ ಶುರುವಾಗುತ್ತೆ. ಹೆಸರು ಮಾತ್ರ ಉಳಿದಿದೆ.

ಮನೆಯಲ್ಲಿ ಏನನ್ನುತ್ತೀರಿ ಅಂತ ಕೇಳಿದ್ರಿ ಅಲ್ವಾ ಅಕ್ಕ. ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಮೂರು ದೀಕ್ಷಾಸ್ನಾನದ ಪತ್ರ ಇವೆ. ಅಜ್ಜಿಯದು 1930ರ ದಶಕದ್ದು, ಮಡಿಕೆ ಮಡಿಕೆಯಲ್ಲೂ ಹರಿದಿದೆ, ಮೇಲೆ ‘ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚ್’ ಅಂತ ಅಚ್ಚು. ಅಪ್ಪನದರಲ್ಲಿ ‘ಮೆಥೊಡಿಸ್ಟ್ ಚರ್ಚ್ ಇನ್ ಸದರ್ನ್ ಏಷ್ಯಾ’. ನನ್ನದರಲ್ಲಿ ‘ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ’, ಅದು 1981ರಲ್ಲಿ ಆದದ್ದು. ಮೂರು ಹೆಸರು, ಒಂದೇ ಕಟ್ಟಡ, ಅದೇ ಗಂಟೆ. ಅಜ್ಜಿ ಕೊನೆಯವರೆಗೂ ಮೂರನ್ನೂ ಬಿಟ್ಟು ‘ನಮ್ಮ ಮಿಶನ್’ ಅಂತಲೇ ಅನ್ನುತ್ತಿದ್ದಳು.

ಮಜಾ ಏನಂದರೆ, ಓದಲಿಕ್ಕೆ ಮೈಸೂರಿಗೆ ಹೋದಾಗ ವೆಸ್ಲಿ ಕೆಥೆಡ್ರಲ್ ಅಂತ ಬೋರ್ಡ್ ನೋಡಿ, ಅರೆ ನಮ್ಮ ವೆಸ್ಲಿ, ನಮ್ಮದೇ ಚರ್ಚು ಅಂತ ಒಳಗೆ ಹೋಗಿ ಕೂತೆ. ಅದು ಸಿಎಸ್‌ಐ! ಮೈಸೂರು ಕಡೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮಿಶನ್ನಿನವರು. ಅವರ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಶನಲ್‌ನವರ ಜೊತೆ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ, ಆದವು. ಬೀದರ್ ಕಡೆಗೆ ಬಂದವರು ಅಮೆರಿಕದ ಮೆಥೊಡಿಸ್ಟರು, ಅವರು ಸೇರಲಿಲ್ಲ. ಹಾಗಾಗಿ ಕರ್ನಾಟಕದಲ್ಲಿ ‘ಮೆಥೊಡಿಸ್ಟ್’ ಅಂತ ಬರೆಯುವಾಗ ಯಾವ ಊರು, ಯಾವ ಇಸವಿ ಅಂತ ನೋಡಿಕೊಳ್ಳಬೇಕು. ನಿಮ್ಮ ಪುಸ್ತಕ 1700ಕ್ಕೆ ನಿಲ್ಲುತ್ತೆ, ನಿಮಗೆ ಈ ಕಷ್ಟ ಇಲ್ಲ. ಪುಣ್ಯವಂತರು.

ಕುಡ್ಲದಹೆಂಚು

ಜೆಸ್ಯೂಟರ ಹಿಂದೆ ‘ಪಂಥ’ ಹಾಕಿದ್ದೀರಿ ಅಂದ್ರಲ್ಲ, ಅದು ಮೊದಲು ತೆಗೆಯಿರಿ ಮಾರಾಯ್ರೆ. ಅದು ಪಂಥವೂ ಅಲ್ಲ, ಪಂಗಡವೂ ಅಲ್ಲ. ಕಥೋಲಿಕ ಧರ್ಮಸಭೆಯ ಒಳಗಿನ ಒಂದು ಸಂನ್ಯಾಸಿ ಸಭೆ. 1540ರಲ್ಲಿ ಪೋಪರು ಒಪ್ಪಿಗೆ ಕೊಟ್ಟದ್ದು. ಕನ್ನಡದಲ್ಲಿ ನಾವು ‘ಯೇಸುಸಭೆ’ ಅನ್ನುತ್ತೇವೆ. ಫ್ರಾನ್ಸಿಸ್ಕನ್, ಡೊಮಿನಿಕನ್, ಕಾರ್ಮೆಲ್ ಎಲ್ಲವೂ ಹಾಗೆಯೇ. ನಿಮ್ಮ ಲೇಖಕರು ಆರ್ಡರ್ ಅಂದಲ್ಲೆಲ್ಲ ಇದೇ ಅರ್ಥ. ಒಬ್ಬ ಜೆಸ್ಯೂಟ್ ಗುರು, ಒಬ್ಬ ಕಪುಚಿನ್ ಗುರು ಒಂದೇ ಪೀಠದಲ್ಲಿ ಒಟ್ಟಿಗೆ ಪೂಜೆ ಅರ್ಪಿಸುತ್ತಾರೆ. ಒಬ್ಬ ಲೂಥರನ್ ಪಾಸ್ಟರ್ ಜೊತೆ ಹಾಗೆ ಆಗುವುದಿಲ್ಲ. ಅಷ್ಟೇ ವ್ಯತ್ಯಾಸ, ಆದರೆ ದೊಡ್ಡ ವ್ಯತ್ಯಾಸ.

ಕಪುಚಿನ್ ಅಂದೆ ಅಲ್ವಾ, ಅದು ಅವರ ಕಂದು ಅಂಗಿಯ ಚೂಪು ಟೊಪ್ಪಿಗೆಯಿಂದ ಬಂದ ಅಡ್ಡಹೆಸರು. ನೀವು ಕುಡಿಯುವ ಕಪುಚಿನೊ ಕಾಫಿಗೆ ಹೆಸರು ಬಂದದ್ದೂ ಆ ಅಂಗಿಯ ಬಣ್ಣದಿಂದಲೇ.

‘ಸಭೆ’ ಅನ್ನುವ ಪದದ ಬಗ್ಗೆಯೂ ಹುಷಾರು. ಕಥೋಲಿಕರು ಇಡೀ ಚರ್ಚಿಗೆ ‘ಧರ್ಮಸಭೆ’ ಅನ್ನುತ್ತಾರೆ, ಬಿಷಪರು ‘ಧರ್ಮಾಧ್ಯಕ್ಷರು’. ಪ್ರೊಟೆಸ್ಟೆಂಟರಿಗೆ ಬರೀ ‘ಸಭೆ’, ಅದನ್ನು ನೋಡಿಕೊಳ್ಳುವವರು ‘ಸಭಾಪಾಲಕರು’. ಮೇಷ್ಟ್ರು ‘ಅಪೊಸ್ತಲರ ಕೃತ್ಯಗಳು’ ಅಂದ ಕೂಡಲೇ ಅವರು ಓದಿದ್ದು ಪ್ರೊಟೆಸ್ಟೆಂಟ್ ಬೈಬಲ್ ಅಂತ ಗೊತ್ತಾಯಿತು. ನಮ್ಮದರಲ್ಲಿ ಅದು ‘ಪ್ರೇಷಿತರ ಕಾರ್ಯಕಲಾಪಗಳು’. ಅವರಿಗೆ ಯೋಹಾನ, ನಮಗೆ ಯೊವಾನ್ನ. ಅವರಿಗೆ ದೀಕ್ಷಾಸ್ನಾನ, ನಮಗೆ ಸ್ನಾನದೀಕ್ಷೆ. ಒಂದೇ ಪುಟದಲ್ಲಿ ಎರಡನ್ನೂ ಬೆರೆಸಿದರೆ ಎರಡೂ ಕಡೆಯವರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತೆ.

ಮತ್ತೆ ಕಲ್ಟ್. ಅದರ ಮೂಲ ಅರ್ಥ ಪೂಜೆ, ಭಕ್ತಿ. ಹಳೇ ಪುಸ್ತಕಗಳಲ್ಲಿ ‘ಮರಿಯಮ್ಮನ ಕಲ್ಟ್’ ಅಂತ ಬಂದರೆ ‘ಮೇರಿ ಪಂಥ’ ಅಂತ ಬರೆಯಬೇಡಿ, ಅಂಥ ಪಂಥ ಇಲ್ಲ. ಬೆಂಗಳೂರು ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಉಟ್ಟು ಬರುವ ಜನ ಯಾವ ಪಂಥಕ್ಕೂ ಸೇರಿದವರಲ್ಲ. ಅದು ಭಕ್ತಿ. 1978ರ ನವೆಂಬರ್‌ನಲ್ಲಿ ಗಯಾನಾದ ಜೋನ್ಸ್‌ಟೌನ್‌ನಲ್ಲಿ ಒಬ್ಬ ನಾಯಕನ ಮಾತಿಗೆ ಕಟ್ಟುಬಿದ್ದ ಒಂಬೈನೂರಕ್ಕೂ ಜಾಸ್ತಿ ಜನ ಸತ್ತರಲ್ಲ, ಅಂಥ ಕಡೆ ಪತ್ರಿಕೆಯವರು ಬಳಸುವ ಕಲ್ಟ್ ಬೇರೆಯೇ. ಎರಡಕ್ಕೂ ಒಂದೇ ಕನ್ನಡ ಪದ ಹಾಕುವ ಹಾಗಿಲ್ಲ.

ನನ್ನ ಹೆಸರು ಹೆಂಚು ಯಾಕೆ ಅಂದರೆ, ಅಮ್ಮನ ಕಡೆಯವರು ಬಾಸೆಲ್ ಮಿಶನ್. ಅಪ್ಪ ಕಥೋಲಿಕ, ತುಳುವಿನಲ್ಲಿ ‘ಪೊರ್ಬು’. ಮದುವೆ ಹೇಗಾಯಿತು ಅನ್ನುವುದಕ್ಕೆ ಬೇರೆ ಚರ್ಚೆ ತೆರೆಯಬೇಕು. ಅಜ್ಜಿ ಮನೆಯ ಹೆಂಚು ಮಗುಚಿದರೆ ಬಾಸೆಲ್ ಮಿಶನ್ ಅಂತ ಇಂಗ್ಲಿಷ್ ಅಕ್ಷರ, ಕೆಳಗೆ 1865. ಜೆಪ್ಪುವಿನ ಕಾರ್ಖಾನೆ ಶುರುವಾದ ವರ್ಷ ಅದು. ನೀವು ಯಾವ ಸಭೆ ಅಂತ ಕೇಳಿದರೆ ಅಜ್ಜಿ ಹೇಳುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಆ ಊರಿನ ಹೆಸರನ್ನೇ. ಲೂಥರನ್ನಾ, ಕ್ಯಾಲ್ವಿನ್ ಕಡೆಯಾ ಅಂತ ಕೇಳಿದರೆ ಗೊತ್ತಿಲ್ಲ. ಆ ಮಿಶನ್ನಿನಲ್ಲೇ ಎರಡೂ ಕಡೆಯವರು ಇದ್ದರು, ವುರ್ಟೆಂಬರ್ಗ್‌ನ ಲೂಥರನ್ನರು, ಬಾಸೆಲಿನ ರಿಫಾರ್ಮ್ಡ್ ಸಭೆಯವರು. ಅಂದ ಹಾಗೆ ರಿಫಾರ್ಮ್ಡ್ ಅನ್ನುವುದಕ್ಕೂ ‘ಸುಧಾರಿತ’ ಅಂತ ಹಾಕಬೇಡಿ, ಅದು ಸ್ವಿಂಗ್ಲಿ, ಕ್ಯಾಲ್ವಿನ್ ಕಡೆಯ ಚರ್ಚುಗಳ ಹೆಸರು. ‘ಸುಧಾರಿತ’ ಅಂದರೆ ಭತ್ತದ ತಳಿ ನೆನಪಾಗುತ್ತೆ.

ಸುಮ್ನೆಬಂದೆ

ನಾನು ‘ಮುಗೀತು’ ಅಂತ ಬರೆದದ್ದನ್ನು ವಾಪಸ್ ತಗೊಂಡೆ. ಕಪುಚಿನೊ ಒಂದು ಸಾಕು ಇವತ್ತಿಗೆ.

ಕೋಲಾರದವಳು

ತಡವಾಗಿ ಬಂದೆ. ನಾನು ಪೆಂತೆಕೊಸ್ತ್ ಸಭೆಯವಳು. ನಮ್ಮ ಬೀದಿಯಲ್ಲಿ ನಮಗೆ ಇರುವ ಹೆಸರು ‘ಅಲ್ಲೇಲೂಯದವರು’. ಅಂಗಡಿಯವರು, ಹಾಲಿನವರು ಎಲ್ಲರೂ ಹಾಗೇ ಕರೆಯುತ್ತಾರೆ. ಚಿಕ್ಕವಳಿದ್ದಾಗ ಕೋಪ ಬರುತ್ತಿತ್ತು. ಈಗ ನಾವೇ ಕೊರಿಯರ್‌ನವರಿಗೆ ‘ಅಲ್ಲೇಲೂಯ ಚರ್ಚ್ ಪಕ್ಕದ ಮನೆ’ ಅಂತ ಗುರುತು ಹೇಳುತ್ತೇವೆ. ಮೇಷ್ಟ್ರು ಬರೆದ ಡರ್ಬಿ ಕಥೆ ಓದಿದಾಗ ನಮ್ಮ ಬೀದಿಯೇ ಕಣ್ಣಿಗೆ ಬಂತು.

ತಮಾಷೆ ಏನು ಗೊತ್ತಾ, ಪೆಂತೆಕೊಸ್ತ್‌ಗೆ ಕನ್ನಡ ಬೈಬಲಿನಲ್ಲಿ ಒಳ್ಳೇ ಪದವೇ ಇದೆ, ‘ಪಂಚಾಶತ್ತಮ ದಿನ’. ಗ್ರೀಕಿನಲ್ಲೂ ಐವತ್ತನೆಯದು ಅಂತಲೇ ಅರ್ಥ. ಹಬ್ಬಕ್ಕೆ ಪಂಚಾಶತ್ತಮ ಅನ್ನುತ್ತೇವೆ. ಆದರೆ ಪಂಚಾಶತ್ತಮದವರು ಅಂತ ಯಾರೂ ತಮ್ಮನ್ನು ಕರೆದುಕೊಂಡದ್ದನ್ನು ನಾನು ಕೇಳಿಲ್ಲ. ಹಬ್ಬದ ಹೆಸರು ಹಳೇದು. ನಮ್ಮ ಚಳವಳಿಯ ಹೆಸರು 20ನೇ ಶತಮಾನದ್ದು, ವಿಲಿಯಂ ಸೆಮೂರ್ ಅನ್ನುವ ಕಪ್ಪು ಬೋಧಕರು 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ನಡೆಸಿದ ಕೂಟಗಳಿಂದ ಲೋಕಕ್ಕೆಲ್ಲ ಹಬ್ಬಿದ್ದು.

ಹೆಸರನ್ನು ಅನುವಾದ ಮಾಡಲೇಬಾರದು ಅನ್ನುವುದನ್ನು ನಾನು ಪೂರ್ತಿ ಒಪ್ಪಲ್ಲ ಮೇಷ್ಟ್ರೇ. ಯೆಹೋವನ ಸಾಕ್ಷಿಗಳನ್ನು ನೋಡಿ. 1931ರಲ್ಲಿ ಅವರೇ ಆರಿಸಿಕೊಂಡ ಹೆಸರು, ಯೆಶಾಯನ ಪುಸ್ತಕದ ಒಂದು ವಚನದಿಂದ. ಕನ್ನಡದಲ್ಲಿ ಅವರೇ ‘ಯೆಹೋವನ ಸಾಕ್ಷಿಗಳು’ ಅಂತ ಅಚ್ಚು ಹಾಕುತ್ತಾರೆ. ಬಾಗಿಲು ತಟ್ಟಿದಾಗಲೂ ಹಾಗೇ ಪರಿಚಯ ಹೇಳುತ್ತಾರೆ. ಕೇರಳದಲ್ಲಿ ರಾಷ್ಟ್ರಗೀತೆ ಹಾಡದೆ ಸುಮ್ಮನೆ ಎದ್ದು ನಿಂತ ಮೂರು ಮಕ್ಕಳನ್ನು ಶಾಲೆಯಿಂದ ತೆಗೆದಿದ್ದರಲ್ಲ, 1986ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಅಂದಿತು, ಅವರು ಈ ಸಭೆಯ ಮಕ್ಕಳು. ತಾವೇ ಇಟ್ಟುಕೊಂಡು ತಾವೇ ಕನ್ನಡ ಮಾಡಿಕೊಂಡಿದ್ದರೆ ಅದನ್ನೇ ಬರೆಯಬೇಕು. ಮಾರ್ಮನ್ನರ ಕಥೆ ಇನ್ನೊಂದು ಥರ. ಬೇರೆಯವರು ಇಟ್ಟ ಹೆಸರನ್ನು ಬಹಳ ಕಾಲ ಅವರೇ ಬಳಸಿದರು, 2018ರಲ್ಲಿ ಅವರ ಅಧ್ಯಕ್ಷರು ಇನ್ನು ಆ ಅಡ್ಡಹೆಸರು ಬೇಡ, ಪೂರ್ತಿ ಹೆಸರು ಹೇಳಿ ಅಂದರು. ಪೂರ್ತಿ ಹೆಸರು ಅಂದರೆ ‘ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’. ಪತ್ರಿಕೆಯ ಹೆಡ್‌ಲೈನಿನಲ್ಲಿ ಹಿಡಿಸಿ ನೋಡಿ ರಾತ್ರಿಪಾಳಿಯವರೇ.

ಹಳೇಮೇಷ್ಟ್ರು

ಒಪ್ಪಿದೆ ಮಗಳೇ. ‘ಮುಟ್ಟಬೇಡಿ’ ಅಂದದ್ದು ಜಾಸ್ತಿಯಾಯಿತು. ಅವರ ಮನೆಯಲ್ಲಿ ಆಡುವ ಕನ್ನಡ ಇದ್ದರೆ ಅದು, ಇಲ್ಲದಿದ್ದರೆ ಮೂಲದ ಹೆಸರು.

ಹಸಿರುಶಾಯಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನಿನ್ನೆ ರಾತ್ರಿ ಆ ಪುಟ ಮತ್ತೆ ಬರೆದೆ. ಹದಿನಾಲ್ಕು ‘ಪಂಥ’ ಇದ್ದದ್ದು ಎರಡಕ್ಕೆ ಇಳಿದಿದೆ, ಎರಡೂ ಬಿಷಪ್ಪರು ಬೈಯುವ ಜಾಗದಲ್ಲಿ. ಮೊದಲು ‘ಮರುದೀಕ್ಷಾಸ್ನಾನ ಪಂಥದವರನ್ನು ಪ್ರತಿಭಟನಾ ಪಂಥದವರೂ ಶಿಕ್ಷಿಸಿದರು’ ಅಂತ ಇತ್ತು. (ಹೌದು, ನಾನೇ ಬರೆದದ್ದು, ಕಂಪ್ಯೂಟರನ್ನು ಬೈದದ್ದಕ್ಕೆ ನಾಚಿಕೆ ಆಗುತ್ತಿದೆ.) ಈಗ ಹೀಗಿದೆ: ‘ತಮ್ಮನ್ನು ಸಹೋದರರು ಎಂದು ಕರೆದುಕೊಳ್ಳುತ್ತಿದ್ದ ಇವರಿಗೆ ವಿರೋಧಿಗಳು ಅನಾಬ್ಯಾಪ್ಟಿಸ್ಟರು, ಅಂದರೆ ಎರಡನೇ ಸಲ ದೀಕ್ಷೆ ಪಡೆದವರು, ಎಂದು ಹೆಸರಿಟ್ಟರು. ಇವರನ್ನು ಪ್ರೊಟೆಸ್ಟೆಂಟರೂ ಶಿಕ್ಷಿಸಿದರು.’ ಯೇಸುಸಭೆ ಸೇರಿತು. ಮಡಿವಂತರು ಹೋದರು, ಅದಕ್ಕೆ ಇನ್ನೂ ಸ್ವಲ್ಪ ಹೊಟ್ಟೆ ಉರಿ ಇದೆ.

ಒಂದು ಉಳಿದಿದೆ. ಹ್ಯೂಗೆನಾಟ್‌ಗೆ ಏನು ಅರ್ಥ ಅಂತ ಯಾರೂ ಹೇಳಲಿಲ್ಲ?

ರಾತ್ರಿಪಾಳಿ

ಹೇಳಲಿಕ್ಕೆ ಯಾರಿಗೂ ಆಗಿಲ್ಲ ಮೇಡಂ. ಫ್ರಾನ್ಸಿನ ಕ್ಯಾಲ್ವಿನಿಸ್ಟರಿಗೆ 16ನೇ ಶತಮಾನದಲ್ಲಿ ಅಂಟಿದ ಹೆಸರು. ಸ್ವಿಸ್ ಜರ್ಮನ್ನಿನ ‘ಆಣೆಯಿಂದ ಕೂಡಿದ ಗೆಳೆಯರು’ ಅನ್ನುವ ಪದ ಫ್ರೆಂಚರ ಬಾಯಲ್ಲಿ ಹಾಗಾಯಿತು ಅನ್ನುತ್ತಾರೆ ಕೆಲವರು, ಇನ್ನು ಕೆಲವರು ಬೇರೆ ಮೂಲ ತೋರಿಸುತ್ತಾರೆ, ಪಂಡಿತರ ಜಗಳ ಇನ್ನೂ ನಡೆದಿದೆ. ಹಾಗಾಗಿ ಅನುವಾದದ ಆಸೆ ಬಿಡಿ, ಕಾಗುಣಿತ ಮಾತ್ರ ನೋಡಿಕೊಳ್ಳಿ. ಫ್ರೆಂಚರು ಕೊನೆಯ ಟಕಾರ ಹೇಳುವುದಿಲ್ಲ, ಮೊದಲ ಹಕಾರವನ್ನೂ ಹೇಳುವುದಿಲ್ಲ. ‘ಯೂಗೆನೊ’ ಅನ್ನುತ್ತಾರೆ.

ಹಸಿರುಶಾಯಿ

ಅಯ್ಯೋ. ನಲವತ್ತೊಂದು ಕಡೆ ಬಂದಿದೆ ಅದು. ಹ್ಯೂಗೆನಾಟ್ ಅಂತಲೇ ಬಿಡುತ್ತೇನೆ, ಫ್ರೆಂಚರು ಕೇಳಿದರೆ ನಿಮ್ಮ ಹೆಸರು ಹೇಳುತ್ತೇನೆ.